ಕಿರಿಯವನ ಪಾಲಿಗೆ ಬಂದದ್ದು

ತೊಂಬತ್ತೆಂಟರ ಒಂದು ಶುಕ್ರವಾರ, ಗಲ್ಫಿನ ಬಿನ್ ಒಮ್ರಾನ್ ಪೇಟೆಯ ಟೇಲರ್ ದೂಮಪ್ಪನ ಅಂಗಡಿಗೆ ವಿಜಾಪುರದ ಕಡೆಯ ಇಬ್ಬರು ಬಂದರು. ಕೊರಿಯಾ ಕಂಪನಿಯ ಅಂಗಿಗಳಿಂದ ಹಳೆಯ ಬ್ಯಾಡ್ಜ್ ಬಿಚ್ಚಿ ಹೊಸದನ್ನು ಹೊಲಿಯಬೇಕಿತ್ತು. ದೂಮಪ್ಪ ಮೆಷಿನ್ ತುಳಿಯುತ್ತಲೇ ಕಿವಿಗೊಟ್ಟ.

“ಮುದಕ ಮಾಲಕ ಇರೂತನಾ ಒಂದ ಕಂಪನಿ ಇತ್ತು, ವಿಜಯಕುಮಾರ. ಈಗ ಮೂರೂ ಮಕ್ಕಳು ಬ್ಯಾರೆ ಆಗ್ಯಾರ. ಹಿರಿಯಾಂವಗ ಹಡಗು, ನಡುವಿನಾಂವಗ ಕಾರು.”

“ಕಿರಿಯಾಂವಗ ಏನ್ ಬಂತು, ಶಂಭುಲಿಂಗಣ್ಣಾ?”

“ನಾವು!”

“ಇಬ್ಬರೂ?”

“ಹೂಂ. ಕಿರಿಯಾಂವನ ಲಿಸ್ಟಿನ್ಯಾಗ ಒಂದರ ಕೆಳಗ ಒಂದು ಹೆಸರು.”

“ಯಪ್ಪಾ! ನಿನ್ನನ್ನ ಹಡಗಿನ ವೆಲ್ಡಿಂಗಿಗೆ ಒಯ್ದ್ರ ನನಗ ರೊಟ್ಟಿ ಬಡಿಯೋರು ಯಾರಂತ ಮೂರು ತಿಂಗಳಿಂದ ಅದ ಚಿಂತಿ.”

“ಅಲ್ಲೋ, ನನ್ನ ಚಿಂತಿ ಅಲ್ಲ, ರೊಟ್ಟಿ ಚಿಂತಿ!”

ದೂಮಪ್ಪ ನಗು ತಡೆದುಕೊಂಡು ಅಂಗಿಗಳನ್ನು ಕೊಟ್ಟ. ಹಳೆಯ ಬ್ಯಾಡ್ಜ್‌ಗಳನ್ನು ಕಸದ ಡಬ್ಬಿಗೆ ಹಾಕಹೊರಟಾಗ ಶಂಭುಲಿಂಗಪ್ಪ ಕೈ ಅಡ್ಡ ಹಿಡಿದ.

“ಒಗೀಬ್ಯಾಡ್ರಿ.”

“ಇನ್ನೆಂತಕ್ಕೆ ಮಾರಾಯ್ರೆ ಅದು?”

“ಅಣ್ತಮ್ಮರು ನಾಳೆ ಮತ್ತ ಕೂಡಿದ್ರ ಹಚ್ಕೋಬೇಕಲ್ರಿ!”

ಹೊರಗೆ ಕಂಪನಿ ಬಸ್ಸಿನ ಹಾರನ್ ಕೇಳಿಸಿತು. “ಯಲ್ಲಾ, ಯಲ್ಲಾ! ಲಗೂ ನಡಿ!” ಎನ್ನುತ್ತ ಇಬ್ಬರೂ ಓಡಿದರು. ಬಸ್ಸು ಹತ್ತುತ್ತಿದ್ದ ವಿಜಯಕುಮಾರನ ಕೂಗು ಅಂಗಡಿಯವರೆಗೂ ಬಂತು:

“ಅಣ್ಣಾ, ನಂದೂ ಬ್ಯಾಡ್ಜ್ ಕಿಸೇದಾಗ ಇಟ್ಕೊಂಡಿ ಹೌದಲ್ಲೋ?”