ವೇಸ್ಟ್ ಎಂದು ಬರೆದ ಪಟಗಳು

ಎಲ್ಲರಿಗೂ ನಮಸ್ಕಾರ. ನಂಜುಂಡನ್ ತಾಯಿ ಸುಬ್ಬಾತಾಳ್ ಅಮ್ಮನವರೇ, ಕಾರಮಡೈಯಿಂದ ಬಂದಿರುವ ಬಂಧುಗಳೇ, ನಮ್ಮ ತಿರುಪ್ಪೂರು ಕಂಪನಿಯ ಗೆಳೆಯರೇ — ನಂಜುಂಡನ್ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಅಮ್ಮನ ಮನೆಮಾತು ಕನ್ನಡ, ಆದ್ದರಿಂದ ಕನ್ನಡದಲ್ಲೇ ಹೇಳುತ್ತೇನೆ. ಕರೆಯದೇ ಇದ್ದಿದ್ದರೆ ಒಳ್ಳೆಯದಿತ್ತು ಅಂತ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ನಾನು ವಿಶ್ವಾಸ್. ನಂಜುಂಡನ್ ನಮ್ಮ ಬನಿಯನ್, ಟೀ ಶರ್ಟುಗಳ ಫೋಟೋ ತೆಗೆಯುತ್ತಿದ್ದ. ಆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವುದು ನನ್ನ ಕೆಲಸ. ವಿದೇಶದ ಗಿರಾಕಿ ಹೋದ ವರ್ಷದ ನೀಲಿ ಕಾಲರಿನದು ಬೇಕು ಅಂದರೆ, ಅವನು ಫೋನ್ ಇಡುವುದರೊಳಗೆ ಹುಡುಕಿ ಕೊಡಬೇಕು.

ಕಂಪ್ಯೂಟರ್ ಹೇಗೆ ಹುಡುಕುತ್ತದೆ ಅಂತ ಮೊನ್ನೆ ಅಮ್ಮ ಕೇಳಿದರು. ಅಮ್ಮ, ಅದು ಫೋಟೋ ನೋಡುವುದೇ ಇಲ್ಲ. ಪ್ರತಿ ಫೋಟೋದ ಜೊತೆ ನಾವು ಒಂದಷ್ಟು ಪದ ಬರೆದಿಡುತ್ತೇವೆ — ನೀಲಿ, ಕಾಲರ್, ಮಕ್ಕಳ ಅಳತೆ, ತೆಗೆದವರು ನಂಜುಂಡನ್. ಅದು ನೋಡುವುದು ಆ ಪದಗಳನ್ನು ಮಾತ್ರ. ನಾವು ಬರೆಯದೇ ಬಿಟ್ಟದ್ದು ಅದರ ಪಾಲಿಗೆ ಇಲ್ಲವೇ ಇಲ್ಲ.

ದಿನಾ ಕೆಲಸಕ್ಕೆ ಮುಂಚೆ ಬೆಳಕು ಸರಿಯಿದೆಯೇ ನೋಡಲು ನಂಜುಂಡನ್ ಒಂದು ಪಟ ತೆಗೆಯುತ್ತಿದ್ದ. ಬಟ್ಟೆ ತೊಡಿಸುವ ಗೊಂಬೆಯ ಮೇಲೆ ಬೆಳಕು ಗೊತ್ತಾಗುವುದಿಲ್ಲ, ಮನುಷ್ಯನ ಮುಖವೇ ಬೇಕು ಅನ್ನುತ್ತಿದ್ದ. ಕ್ಯಾಮೆರಾಕ್ಕೆ ಟೈಮರ್ ಇಟ್ಟು — ಹೀಗೆ ಓಡಿ ಬಂದು — ಬಣ್ಣ ಹೋಲಿಸಿ ನೋಡುವ ಕಾರ್ಡನ್ನು ಎದೆಗೆ ಹೀಗೆ ಹಿಡಿದು ತಾನೇ ನಿಲ್ಲುತ್ತಿದ್ದ. ಕೆಲವು ಸಲ ಓಡಿ ಮುಟ್ಟುವುದರೊಳಗೆ ಕ್ಯಾಮೆರಾ ಕ್ಲಿಕ್ ಅನ್ನುತ್ತಿತ್ತು, ಅರ್ಧ ಮುಖ ಬರುತ್ತಿತ್ತು. ನಾವೆಲ್ಲ ನಗುತ್ತಿದ್ದೆವು.

ಒಂದು ದಿನದ ಪಟಗಳಿಗೆಲ್ಲ ಒಟ್ಟಿಗೆ ಪದ ಹಾಕುತ್ತಿದ್ದೆವಲ್ಲ, ಹಾಗಾಗಿ ನೀಲಿ ಅಂತ ಹೊಡೆದರೆ ಬನಿಯನ್ನುಗಳ ಮಧ್ಯೆ ನಂಜುಂಡನ್ ಕೂಡ ಬರುತ್ತಿದ್ದ. ಗಿರಾಕಿಯ ಮುಂದೆ ನನಗೆ ನಾಚಿಕೆಯಾಗುತ್ತಿತ್ತು. ಒಂದು ನಿಯಮ ಮಾಡಿದೆ — ಆ ಪಟಕ್ಕೆ ವೇಸ್ಟ್ ಅಂತ ಮಾತ್ರ ಬರೆಯಿರಿ. ತಿಂಗಳ ಕೊನೆಗೆ ವೇಸ್ಟ್ ಅಂತ ಹುಡುಕುವುದು, ಎಲ್ಲ ಆರಿಸುವುದು, ಅಳಿಸುವುದು. ಉಳಿದದ್ದನ್ನಷ್ಟೇ ಸೀಡಿಗೆ ಹಾಕುವುದು.

ನಂಜುಂಡನ್ ಒಮ್ಮೆ ಬಂದು ನನ್ನ ಮೇಜಿನ ಹತ್ತಿರ ನಿಂತ. "ಸಾರ್, ಕೊಂಜ ಇರಲಿ ಬಿಡಿ, ನಾಲ್ಕೈದಾದರೂ. ನನ್ನ ಪಟ ಬೇರೆ ಎಲ್ಲೂ ಇಲ್ಲ." ಡಿಸ್ಕಿನಲ್ಲಿ ಜಾಗ ಇಲ್ಲ ಅಂದೆ. ಪರವಾಯಿಲ್ಲೆ ಸಾರ್ ಅಂತ ಹೋದ. ಜಾಗ ಇತ್ತು. ಆ ತಿಂಗಳೂ ಅಳಿಸಿದೆ.

ಅವನ ಹೃದಯ ನಿಂತುಹೋದದ್ದು ತಿಂಗಳ ಕೊನೆಯ ರಾತ್ರಿ; ಆ ತಿಂಗಳ ವೇಸ್ಟನ್ನೂ ಅಷ್ಟರಲ್ಲಿ ಅಳಿಸಿಯಾಗಿತ್ತು. ಮರುದಿನ ಅಮ್ಮ ಒಂದು ಪಟ ಕೇಳಿ ಕಳಿಸಿದರು. ಅವರ ಮನೆಯ ಮದುವೆಗಳಲ್ಲೆಲ್ಲ ಕ್ಯಾಮೆರಾದ ಹಿಂದೆ ನಿಂತವನು ಅವನೇ. ನಾನು ನಂಜುಂಡನ್ ಅಂತ ಹೊಡೆದೆ. ಸಾವಿರಾರು ಬನಿಯನ್ ಬಂದವು — ಅವನು ಬರಲಿಲ್ಲ. ಕೊನೆಗೆ ವೇಸ್ಟ್ ಅಂತ ಹೊಡೆದೆ. ಬಂದ. ಕಾರ್ಡ್ ಹಿಡಿದುಕೊಂಡು ಸಾಲು ಸಾಲಾಗಿ ಬಂದ. ಮೂಲ ಅಳಿಸಿದರೂ, ಹುಡುಕಿದಾಗ ತೋರಿಸಲೆಂದು ಕಂಪ್ಯೂಟರ್ ಇಟ್ಟುಕೊಳ್ಳುವ ಉಗುರಿನಷ್ಟು ನಕಲುಗಳು ಉಳಿದಿದ್ದವು. ಒಂದೊಂದನ್ನೂ ಒತ್ತಿ ನೋಡಿದೆ. ಯಾವುದೂ ತೆರೆಯಲಿಲ್ಲ.

ಇಲ್ಲಿ ಹಾರ ಹಾಕಿರುವುದು ಅಂಥ ಒಂದು ನಕಲನ್ನು ಹಿಗ್ಗಿಸಿದ ಪಟಕ್ಕೆ. ಹಿಂದೆ ಕೂತವರಿಗೆ ಮಸುಕಾಗಿ ಕಾಣುತ್ತಿದ್ದರೆ — ಅದು ನಿಮ್ಮ ಕಣ್ಣೀರಿನಿಂದ ಅಲ್ಲ. ನನ್ನಿಂದ.

ಬೆಳಿಗ್ಗೆ ಅಮ್ಮ ನನ್ನ ಕೈ ಹಿಡಿದುಕೊಂಡು, "ಇದರಲ್ಲಿ ಅವನ ಕಣ್ಣೇ ಕಾಣಲ್ಲ ತಂಬಿ. ಇನ್ನೊಂದು ತೇಡಿ ಕೊಡು" ಅಂದರು. ಹುಡುಕುತ್ತೇನೆ ಅಂದುಬಿಟ್ಟೆ. ಅಮ್ಮ, ಅದು ಸುಳ್ಳು. ಇನ್ನೊಂದು ಇಲ್ಲ. ಇದ್ದವನ್ನು ನಾನೇ ಅಳಿಸಿದ್ದೇನೆ. ಕ್ಷಮಿಸಿ ಅಂತ ಕೇಳಲೂ ನನಗೆ ಬಾಯಿ ಬರುತ್ತಿಲ್ಲ.

ಮೌನಕ್ಕೆ ನಿಂತಾಗ ನಾವು ತಲೆ ತಗ್ಗಿಸುತ್ತೇವೆ. ಇವತ್ತು ದಯವಿಟ್ಟು ತಗ್ಗಿಸಬೇಡಿ. ಎಲ್ಲರೂ ಎದ್ದು ನಿಲ್ಲಿ — ಒಂದು ನಿಮಿಷ ಅವನ ಮುಖ ನೋಡಿ. ನಾನೂ ನೋಡುತ್ತೇನೆ. ಅಳಿಸುವಾಗ ಒಂದು ಸಲವೂ ನೋಡಿರಲಿಲ್ಲ.