ತುಪ್ಪದ ಸಾಹುಕಾರನ ಮೂಗು

ಸಂತೆ ಕೂಡುವ ಊರೊಂದರಲ್ಲಿ ತುಪ್ಪದ ಸಾಹುಕಾರನೊಬ್ಬನಿದ್ದ. ಇಂಥ ಕಥೆಗಳಲ್ಲಿ ಸಾಹುಕಾರನಿಗೆ ಹೆಸರಿಡುವ ರೂಢಿಯಿಲ್ಲ. ಆದರೆ ಹೆಸರಿಡದೆ ಬಿಟ್ಟರೆ ನೀವು ಕುಳಿತಲ್ಲೇ ನಿಮಗಾಗದವರ ಹೆಸರನ್ನು ಅವನಿಗೆ ಹಚ್ಚಿಬಿಡುತ್ತೀರಿ. ನಿಮ್ಮ ಮೇಲೆ ನನಗೆ ಅಷ್ಟು ಅನುಮಾನವಿದೆ. ಅದಕ್ಕೇ ಹೆಸರನ್ನು ನಾನೇ ಇಡುತ್ತೇನೆ. ಅವನು ರಾಚೋಟೆಪ್ಪ.

ಈ ರಾಚೋಟೆಪ್ಪನ ಆಸ್ತಿ ಯಾವುದು? ಅಂಗಡಿಯೇ? ಮಾಳಿಗೆ ಮನೆಯೇ? ಅಲ್ಲ. ಅವನ ಆಸ್ತಿ ಅವನ ಮೂಗು. ಸಂತೆಯ ದಿನ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬೆಣ್ಣೆ ತಂದು ಅವನ ಮುಂದೆ ಇಡುತ್ತಿದ್ದರು. ಅವನು ಒಮ್ಮೆ ಬಗ್ಗಿ ಮೂಸಿದರೆ ಮುಗಿಯಿತು. ಎಮ್ಮೆಯದೋ ಆಕಳದೋ, ಇಂದು ಕಡೆದದ್ದೋ ಹಳೆಯದೋ, ಏನಾದರೂ ಬೆರೆತಿದೆಯೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಅವನು ಒಳ್ಳೆಯದೆಂದರೆ ಒಳ್ಳೆಯದು, ಕೆಟ್ಟದ್ದೆಂದರೆ ಕೆಟ್ಟದ್ದು. ಸಂತೆಯಲ್ಲಿ ಎದುರು ಮಾತನಾಡುವವರಿರಲಿಲ್ಲ.

ಒಂದು ಚಳಿಗಾಲದಲ್ಲಿ ಅವನಿಗೆ ನೆಗಡಿ, ಜ್ವರ ಬಂತು. ಹಾಸಿಗೆ ಹಿಡಿದ, ಕಷಾಯ ಕುಡಿದ, ಎದ್ದ. ಜ್ವರ ಹೋಯಿತು. ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಒಯ್ದಿತು. ಎದ್ದ ದಿನ ಊಟಕ್ಕೆ ಕುಳಿತವನು ಮೊದಲ ತುತ್ತಿಗೇ ಮುಖ ಸಿಂಡರಿಸಿದ.

"ಸಾರಿಗೆ ಒಗ್ಗರಣಿ ಹಾಕಿಲ್ಲೇನು?"

ಹೆಂಡತಿ ಕಾಶವ್ವ ಹೇಳಿದಳು, "ಹಾಕೇನ್ರೀ. ಬೆಳ್ಳುಳ್ಳಿ ವಾಸನಿ ಓಣಿತನಕ ಹೋಗೇತಿ."

"ಮತ್ತ ನನ್ನ ತಾಟಿನಾಗ ಯಾಕ ಇಲ್ಲ?"

ನೋಡಿ, ಈ ಪ್ರಶ್ನೆಯನ್ನು ಗಮನಿಸಿ. 'ನನಗೆ ಯಾಕೆ ಬರುತ್ತಿಲ್ಲ' ಅನ್ನಲಿಲ್ಲ. 'ನನ್ನ ತಾಟಿನಲ್ಲಿ ಯಾಕೆ ಇಲ್ಲ' ಎಂದ. ಇಷ್ಟೇ ವ್ಯತ್ಯಾಸ. ಆದರೆ ಈ ಇಷ್ಟೇ ವ್ಯತ್ಯಾಸದಲ್ಲಿ ಒಂದು ಮನೆ ಹಾಳಾಗುವುದಿತ್ತು.

ಅಂದಿನಿಂದ ಅವನ ಕಣ್ಣು ಎಲ್ಲರ ಕೈಯ ಮೇಲೆ. ತುಪ್ಪ ಹಾಕಿಕೊಂಡರೆ ಘಮವಿಲ್ಲ. ಹಾಗಾದರೆ ಒಳ್ಳೆಯ ತುಪ್ಪ ಎಲ್ಲಿ ಹೋಗುತ್ತಿದೆ? ಸೊಸೆ ದಾಕ್ಷಾಯಣಿ ತವರಿಗೆ ಸಾಗಿಸುತ್ತಿರಬೇಕು! ತುಪ್ಪದ ಡಬ್ಬಿಗೆ ಬೀಗ ಬಿತ್ತು. ಬೀಗ ಹಾಕಿದ ಮೇಲೂ ಘಮ ಬರಲಿಲ್ಲ. ಹಾಗಾದರೆ ಕಿಟಕಿಯಿಂದ ಕೊಡುತ್ತಿರಬೇಕು! ಅಡುಗೆಮನೆಯ ಕಿಟಕಿ ಮುಚ್ಚಿಸಿದ. ಊದುಬತ್ತಿ ಹಚ್ಚಿದರೆ ಬರೀ ಹೊಗೆ. ಅಂಗಡಿಯವನು ಮೋಸ ಮಾಡಿದ್ದಾನೆ! ಹಾಲಿಗೆ ರುಚಿಯಿಲ್ಲ. ಮನೆಯವರೇ ನೀರು ಬೆರೆಸುತ್ತಿದ್ದಾರೆ! ಹಾಲು ಕಾಯಿಸುವುದನ್ನೂ ತಾನೇ ವಹಿಸಿಕೊಂಡ. ಯಜಮಾನ ಅಡುಗೆಮನೆಯಲ್ಲಿ ಪಹರೆ ನಿಂತ. ಹೆಂಗಸರು ಗೋಡೆ ಹಿಡಿದು ಓಡಾಡುವ ಹಾಗಾಯಿತು.

ನಿಮಗೆ ಪಾಪ ಅನಿಸಬಹುದು. ಅವನಿಗೆ ಗೊತ್ತಿರಲಿಲ್ಲವಲ್ಲ, ಅವನದೇನು ತಪ್ಪು? ತಡೆಯಿರಿ. ಗೊತ್ತಿರಲಿಲ್ಲವೆಂದು ನಿಮಗೆ ಯಾರು ಹೇಳಿದರು?

ಒಂದು ಮುಂಜಾನೆ ಅವನು ಪೂಜೆಗೆ ಕುಳಿತಿದ್ದ. ಕೈಯಲ್ಲಿ ಕರ್ಪೂರದ ಬಿಲ್ಲೆ. ಏನನಿಸಿತೋ, ಅದನ್ನು ಮೂಗಿನ ಹತ್ತಿರ ಹಿಡಿದ. ಏನೂ ಇಲ್ಲ. ಬೆರಳಲ್ಲಿ ಪುಡಿ ಮಾಡಿ ಹಿಡಿದ. ಏನೂ ಇಲ್ಲ. ಕಣ್ಣಲ್ಲಿ ಉರಿ ಬಂತು, ನೀರು ಬಂತು, ವಾಸನೆ ಮಾತ್ರ ಬರಲಿಲ್ಲ. ಎದುರಿಗೆ ಲಿಂಗ. ಸುತ್ತ ಯಾರೂ ಇಲ್ಲ. ಕರ್ಪೂರಕ್ಕೆ ಯಾರು ನೀರು ಬೆರೆಸಿಯಾರು? ಆ ಕ್ಷಣ ರಾಚೋಟೆಪ್ಪನಿಗೆ ಗೊತ್ತಾಯಿತು. ಪೂರ್ತಿ ಗೊತ್ತಾಯಿತು. ಎದೆ ಧಸಕ್ಕೆಂದಿತು.

ಗೊತ್ತಾದ ಮೇಲೆ ಏನು ಮಾಡಿದ? ಹೆಂಡತಿಯನ್ನು ಕರೆದನೇ? ಮಗನಿಗೆ ಹೇಳಿದನೇ? ಇಲ್ಲ. ಅರ್ಧ ಪೂಜೆಯಲ್ಲೇ ಜೇಬಿನಿಂದ ಮೊಬೈಲ್ ತೆಗೆದ. ಯಾರಿಗೋ ಫೋನು ಹಚ್ಚಿ, "ಏನಪಾ, ಈ ಸಲ ಎಣ್ಣಿ ರೇಟು ಹೆಂಗೈತಿ?" ಅಂದ. ಎಣ್ಣೆಯ ರೇಟು ಕಟ್ಟಿಕೊಂಡು ಅವನಿಗೇನಾಗಬೇಕಿತ್ತು? ಏನೂ ಇಲ್ಲ. ಆ ಮೌನದಲ್ಲಿ ಇನ್ನೊಂದು ಗಳಿಗೆ ಕೂರುವುದು ಅವನಿಗೆ ಬೇಡವಾಗಿತ್ತು, ಅಷ್ಟೇ.

ಆಮೇಲೆ ಅವನು ಬಿಡುವಾಗಿ ಕುಳಿತದ್ದನ್ನು ಯಾರೂ ನೋಡಲಿಲ್ಲ. ಮುಂಜಾನೆಯೆಲ್ಲ ಫೋನು. ಮಧ್ಯಾಹ್ನ ಅಂಗಡಿಗೆ ಬಣ್ಣ ಹೊಡೆಸುವ ಕೆಲಸ. ಬಣ್ಣವಾದ ಮೇಲೆ ಬೋರ್ಡು ಬದಲಿಸುವ ಕೆಲಸ. ಸಂಜೆ ಗುಡಿಯ ಜೀರ್ಣೋದ್ಧಾರ ಸಮಿತಿ. ಮನೆಗೆ ಬಂದರೆ ಟಿವಿಯಲ್ಲಿ ಜಗಳ. ಜನ ಮೆಚ್ಚಿದರು: "ಜ್ವರ ಬಂದು ಹೋದಮ್ಯಾಲೆ ಸಾವ್ಕಾರ್ರು ಹುರುಪಿಗೆ ಬಂದಾರ ನೋಡ್ರಿ!" ಹುರುಪಲ್ಲ ಅದು, ಓಟ.

ಕಾಶವ್ವ ದಡ್ಡಿಯಲ್ಲ. ಒಂದು ದಿನ ಮೆಲ್ಲಗೆ ಹೇಳಿದಳು, "ಏನ್ರೀ, ಒಮ್ಮಿ ಡಾಕ್ಟರ್ ಕಡೆ ಹೋಗಿ ಬರೂಣು. ಮೂಗಿಗೆ ಏನಾರ ಆಗಿರಬಹುದು."

"ಯಾರು ಹೇಳಿಕೊಟ್ರು ನಿನಗ ಇದನ್ನ? ನಿನ್ನ ಮಗ ಹೇಳ್ಯಾನೇನು? ನಾ ಅಂಗಡಿ ಗಾದಿ ಬಿಟ್ಟು ಎದ್ದರ ಅಂವ ಕೂಡಬೇಕಂತೇನು?"

ಕಾಶವ್ವ ಎದ್ದು ಒಳಗೆ ಹೋದಳು.

ಮನೆಯ ಮಾತಾಯಿತು. ಅಂಗಡಿಯ ಮಾತು ಕೇಳಿ. ಮೂಗಿಲ್ಲದೆ ಬೆಣ್ಣೆ ಕೊಳ್ಳುವುದು ಹೇಗೆ? ಅವನು ಬಗ್ಗುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಮೂಸಿದವನಂತೆ ನಟಿಸುತ್ತಿದ್ದ, ಮನಸ್ಸಿಗೆ ಬಂದದ್ದನ್ನು ಹೇಳುತ್ತಿದ್ದ. ಕೆಟ್ಟ ಬೆಣ್ಣೆ ಒಳಗೆ ಬಂತು, ತುಪ್ಪವಾಯಿತು, ಗಿರಾಕಿಗಳ ಮನೆ ಸೇರಿತು. ಕಮಟು ವಾಸನೆ ಎಂದು ಒಬ್ಬೊಬ್ಬರೇ ಡಬ್ಬಿ ಹಿಡಿದು ತಿರುಗಿ ಬಂದರು. ಈಗ ಒಬ್ಬ ಕಳ್ಳ ಬೇಕಲ್ಲ? ತಪ್ಪು ತನ್ನದಲ್ಲ ಎಂದಮೇಲೆ ಅದು ಯಾರದಾದರೂ ಆಗಲೇಬೇಕಲ್ಲ?

ಬಾಳವ್ವ ಎಂಬ ವಿಧವೆ ಇದ್ದಳು. ಒಂದು ಎಮ್ಮೆ ಕಟ್ಟಿಕೊಂಡು, ಅದರ ಬೆಣ್ಣೆಯ ಮೇಲೆ ಜೀವನ ನಡೆಸುವವಳು. ಹರೆಯದಿಂದಲೂ ಅವನ ಅಂಗಡಿಗೇ ಬೆಣ್ಣೆ ತರುತ್ತಿದ್ದಳು. ಒಂದು ಸಂತೆಯ ದಿನ ಅವಳು ಗಡಿಗೆ ಇಳಿಸಿದ್ದಳಷ್ಟೇ. ರಾಚೋಟೆಪ್ಪ ಬಗ್ಗಿದ, ಮೂಸಿದ ಹಾಗೆ ಮಾಡಿದ, ತುಂಬಿದ ಸಂತೆಯಲ್ಲಿ ಕೂಗಿದ.

"ವನಸ್ಪತಿ ಬೆರಸೀಯಲ್ಲ, ನಾಚಿಕಿ ಆಗೂದಿಲ್ಲೇನು ನಿನಗ?"

"ಯಪ್ಪಾ, ಇಲ್ರೀ! ಮುಂಜಾನಿ ಕಡದು ತಂದೇನ್ರೀ. ಇನ್ನೊಮ್ಮಿ ಮೂಸಿ ನೋಡ್ರಿ ಸಾವ್ಕಾರ್ರ."

"ಮೂಸೂದು ನನಗ ಕಲಸ್ತೀಯೇನು?"

ಬೆಣ್ಣೆಯನ್ನೆತ್ತಿ ಬೀದಿಗೆ ಒಗೆದ. ಬಾಳವ್ವ ಮಣ್ಣು ಹತ್ತಿದ ಬೆಣ್ಣೆಯನ್ನು ಕೈಯಿಂದ ಬಳಿದುಕೊಂಡಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋದಳು. ಅಂದಿನಿಂದ ಆ ಸಂತೆಯಲ್ಲಿ ಅವಳ ಬೆಣ್ಣೆಯನ್ನು ಯಾರೂ ಮುಟ್ಟಲಿಲ್ಲ. ಯಾಕೆ ಮುಟ್ಟಿಯಾರು? ರಾಚೋಟೆಪ್ಪನ ಮೂಗು ತೀರ್ಪು ಕೊಟ್ಟಿತ್ತಲ್ಲ!

ಇನ್ನು ಮುಂದಿನದು. ಒಂದು ಸಂಜೆ ಅವನು ಒಲೆಯ ಮೇಲೆ ಹಾಲಿಟ್ಟ. ಗ್ಯಾಸಿನ ಒಲೆ. ಅಷ್ಟರಲ್ಲಿ ಫೋನು ಬಂತು, ಸಮಿತಿಯವರದು. ಮಾತನಾಡುತ್ತ ಕಟ್ಟೆಗೆ ಹೋದ, ಮಾತು ಬೆಳೆಯಿತು. ಒಳಗೆ ಹಾಲು ಉಕ್ಕಿತು, ಉರಿ ಆರಿತು. ಗ್ಯಾಸು ನಿಲ್ಲಲಿಲ್ಲ. ಕಿಟಕಿ ಮುಚ್ಚಿಸಿದವನು ಅವನೇ.

ಬಂದು ನೋಡಿದ. ಉರಿ ಇಲ್ಲ. ಏನನಿಸಿರಬೇಕು ಹೇಳಿ? 'ನಾನಿಲ್ಲದ ಹೊತ್ತು ನೋಡಿ ಯಾರೋ ಬೇಕೆಂದೇ ಆರಿಸಿದ್ದಾರೆ!' ಕಡ್ಡಿಪೆಟ್ಟಿಗೆ ತೆಗೆದ. ಆಗ ಬಾಗಿಲಲ್ಲಿ ದಾಕ್ಷಾಯಣಿ ಚೀರಿದಳು.

"ಮಾವಾರ, ಗ್ಯಾಸ್! ಗ್ಯಾಸಿನ ವಾಸನಿ! ಕಡ್ಡಿ ಗೀರಬ್ಯಾಡ್ರಿ!"

ಅವನು ಗಾಳಿಯನ್ನು ಎಳೆದುಕೊಂಡ. ಏನೂ ಇಲ್ಲ. ಕಣ್ಣು ಕೆಂಪಾಯಿತು. "ಎಲ್ಲೈತಿ ವಾಸನಿ? ನನ್ನ ಮೂಗಿಗೆ ಬರಲಾರದ್ದು ನಿನ್ನ ಮೂಗಿಗೆ ಬಂತೇನು? ನನ್ನ ಪರೀಕ್ಷಾ ಮಾಡ್ತೀರಿ? ಎಲ್ಲಾರೂ ಕೂಡಿ ನನ್ನ ನಗೆಪಾಟಲು ಮಾಡಬೇಕಂತ ಮಾಡೀರಿ?"

ಸೊಸೆ ಒಳಗೆ ನುಗ್ಗಲು ನೋಡಿದಳು. ಅವನು ಒಲೆಗೆ ಅಡ್ಡ ನಿಂತ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಕಡ್ಡಿ. ಯೋಚಿಸಿ, ಅವನಿಗೆ ಸತ್ಯ ಗೊತ್ತಿತ್ತು. ಕರ್ಪೂರದ ದಿನವೇ ಗೊತ್ತಿತ್ತು! ಆದರೂ ಮನೆ ಸುಟ್ಟರೂ ಸರಿ, 'ನನಗೆ ಬರುವುದಿಲ್ಲ' ಎಂಬ ಮಾತು ಅವನ ಬಾಯಿಂದ ಹೊರಡಲೊಲ್ಲದು.

ಕಾಶವ್ವ ಕೂಗು ಕೇಳಿ ಬಂದಳು. ಅವಳು ಚೀರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ನೇರವಾಗಿ ಬಂದು ಗಂಡನ ಮಗ್ಗುಲಲ್ಲಿ ನಿಂತಳು. "ದಾಕ್ಷಾಯಣಿ, ನೀ ಹೊರಗ ಹೋಗು," ಅಂದಳು. ಗಂಡನ ಕಡೆ ತಿರುಗಿದಳು.

"ಗೀರತೀರೇನ್ರೀ? ಗೀರ್ರಿ. ನಾ ಇಲ್ಲೇ ನಿಂತೇನಿ."

ಅವನು ಅವಳ ಮುಖ ನೋಡಿದ. ಇದರಲ್ಲಿ ಯಾವ ಸಂಚು ಹುಡುಕಬೇಕು? ಸಾಯಲು ನಿಂತವಳ ಮೇಲೆ ಏನೆಂದು ಅನುಮಾನ ಪಡಬೇಕು? ಹುಡುಕಿದ, ಖರೆ ಹೇಳುತ್ತೇನೆ, ಆಗಲೂ ಹುಡುಕಿದ. ಸಿಗಲಿಲ್ಲ. ಕಡ್ಡಿ ಕೆಳಗೆ ಬಿತ್ತು.

"ಕಾಶವ್ವಾ, ನನಗ ವಾಸನಿ ಬರೂದಿಲ್ಲ."

ಜ್ವರ ಬಿಟ್ಟ ಮೇಲೆ ಅವನು ಆಡಿದ ಮೊದಲ ಖರೆ ಮಾತು ಅದು. ಕಾಶವ್ವ ಒಲೆಯ ಕಿವಿ ತಿರುವಿ ಬಂದ್ ಮಾಡಿದಳು, ಕಿಟಕಿ ತೆರೆದಳು, ಅವನ ರಟ್ಟೆ ಹಿಡಿದು ಅಂಗಳಕ್ಕೆ ಕರೆದೊಯ್ದಳು. ಅಂಗಳದಲ್ಲಿ ಅವನು ಸಣ್ಣ ಮಗುವಿನ ಹಾಗೆ ಅತ್ತ. ಸೊಸೆ ನೀರು ತಂದು ಕೊಟ್ಟಳು. ಅವಳ ಮುಖ ನೋಡಲು ಅವನಿಗೆ ಆಗಲಿಲ್ಲ.

ಡಾಕ್ಟರು ನೋಡಿದರು. ಮೂಗಿನ ಶಕ್ತಿ ತಿರುಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ಬರಲಿಲ್ಲ. ಕಥೆ ಸುಖವಾಗಿ ಮುಗಿಯಲೆಂದು ನಾನು ಬರಿಸುವುದೂ ಇಲ್ಲ.

ರಾಚೋಟೆಪ್ಪ ಬಾಳವ್ವನ ಊರಿಗೆ ಹೋದ. ಕೊಟ್ಟಿಗೆ ಖಾಲಿ ಇತ್ತು. ಬೆಣ್ಣೆ ಕೊಳ್ಳುವವರಿಲ್ಲದೆ ಅವಳು ಎಮ್ಮೆಯನ್ನು ಮಾರಿದ್ದಳು, ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅವನು ಹೊಸ್ತಿಲಾಚೆ ನಿಂತೇ ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿದಳು.

"ನಿಮ್ಮ ಮೂಗು ಹೋಗಿದ್ದು ದೇವರ ಇಚ್ಛಾ ಸಾವ್ಕಾರ್ರ. ನನ್ನ ಎಮ್ಮಿ ಹೋಗಿದ್ದು ದೇವರ ಇಚ್ಛಾ ಅಲ್ಲ."

"ಬ್ಯಾರೆ ಎಮ್ಮಿ ಕೊಡಸ್ತೇನಿ, ಬಾಳವ್ವಾ."

"ಕೊಡಸ್ರಿ, ಬ್ಯಾಡ ಅನ್ನೂದಿಲ್ಲ. ಆದರ ನನ್ನ ಬೆಣ್ಣಿ ಒಗದಿದ್ದು ಸಂತ್ಯಾಗ. ತಪ್ಪಾತು ಅನ್ನೂದನ್ನ ಇಲ್ಲಿ ಬಂದು ನನ್ನ ಕಿವಿಯಾಗ ಹೇಳಿದರ ಏನು ಬಂತು?"

ಅವನು ಎಮ್ಮೆ ಕೊಡಿಸಿದ. ಮುಂದಿನ ಸಂತೆಗೆ ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳಿದ. ನನ್ನ ಮೂಗು ಹೋಗಿದೆ, ಮುಚ್ಚಿಟ್ಟೆ, ಬಾಳವ್ವನ ಬೆಣ್ಣೆಯನ್ನು ಮೂಸದೆಯೇ ಕೆಟ್ಟದ್ದೆಂದೆ, ತಪ್ಪು ನನ್ನದು. ಕೆಲವರು ನಕ್ಕರು. ಕೆಲವು ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಬಾಳವ್ವ ದೂರದಲ್ಲಿ ನಿಂತು ಕೇಳಿದಳು. ನಗಲಿಲ್ಲ, ಹತ್ತಿರ ಬರಲಿಲ್ಲ, ಕೇಳಿ ಹೋದಳು. ಅವನು ಗಾದಿಯ ಮೇಲೆ ಸೊಸೆಯನ್ನು ಕರೆದು ಕೂರಿಸಿದ. "ಇನ್ನಮ್ಯಾಲೆ ನೀ ಮೂಸಿ ಹೇಳವ್ವಾ, ನಾ ಕೇಳ್ತೇನಿ," ಅಂದ. ಕಥೆ ಇಷ್ಟೇ.

ಈಗ ನಿಮ್ಮ ಕಡೆ ಬರುತ್ತೇನೆ. ಕೇಳುತ್ತ ಕೇಳುತ್ತ ನಿಮಗೆ ಯಾರ ನೆನಪಾಯಿತು? ಅತ್ತೆಯದೇ? ಅಣ್ಣನದೇ? ಆಫೀಸಿನ ಮೇಲಧಿಕಾರಿಯದೇ? 'ನಮ್ಮವರೂ ಹೀಗೇ, ಅವರು ಬಂದು ಇದನ್ನು ಕೇಳಬೇಕಿತ್ತು' ಅಂದುಕೊಂಡಿರಿ, ಹೌದಲ್ಲವೇ? ಅದೇ ನನ್ನ ಅನುಮಾನ! ನಾನು ಹೆಸರಿಟ್ಟರೂ ನೀವು ನಿಮ್ಮ ಹೆಸರೊಂದನ್ನು ಬಿಟ್ಟು ಊರಿನವರೆಲ್ಲರ ಹೆಸರನ್ನೂ ಇಟ್ಟು ನೋಡಿದಿರಿ. ಅಲ್ಲಿ ಕಂಬಕ್ಕೆ ಒರಗಿ ಮಡಿಲಲ್ಲಿ ಮೊಬೈಲ್ ಬೆಳಗಿಸಿಕೊಂಡವರೇ, ಅಡುಗೆಮನೆಯಲ್ಲಿ ಕಡ್ಡಿ ಹಿಡಿದು ನಿಂತವನ ಕಥೆ ನಡೆಯುವಾಗಲೂ ನಿಮ್ಮ ಹೆಬ್ಬೆರಳು ಓಡುತ್ತಲೇ ಇತ್ತು. ಯಾವುದರಿಂದ ಓಡುತ್ತಿದೆ ಅದು?

ಗೊತ್ತಿಲ್ಲ ಅನ್ನಬೇಡಿ. ಕುಡಿಯುವವನಿಗೆ ತನ್ನ ಮಕ್ಕಳು ಹೆದರುತ್ತಾರೆಂದು ಗೊತ್ತಿದೆ. ಸಿಟ್ಟಿನ ಹೆಂಗಸಿಗೆ ತಾನು ಬಂದಾಗ ಮನೆಯ ಮಾತು ನಿಲ್ಲುತ್ತದೆಂದು ಗೊತ್ತಿದೆ. ಎದೆನೋವನ್ನು ಗ್ಯಾಸು ಎಂದು ನುಂಗಿಕೊಳ್ಳುವವನಿಗೂ ಒಳಗೆ ಗೊತ್ತಿದೆ. ಗೊತ್ತಾದ ಆ ಗಳಿಗೆಗೆ ಸರಿಯಾಗಿ ನಮಗೆಲ್ಲ ಒಂದು ಕೆಲಸ ನೆನಪಾಗುತ್ತದೆ, ಒಂದು ಫೋನು ಮಾಡುವುದಿರುತ್ತದೆ, ಒಂದು ಧಾರಾವಾಹಿ ನೋಡುವುದಿರುತ್ತದೆ. ನಾನು ಹೇಳುತ್ತೇನೆ, ನಿಮ್ಮ ಗಡಿಬಿಡಿಯನ್ನು ನಂಬಬೇಡಿ. ಬೇರೆಯವರ ಮೇಲೆ ಪಡುವ ಅನುಮಾನದಲ್ಲಿ ಕಾಲು ಭಾಗವನ್ನಾದರೂ ನಿಮ್ಮ ಮೇಲೆ ಪಡಿ. ಮನೆಯಲ್ಲಿ ಇಬ್ಬರು ಒಂದೇ ಮಾತು ಹೇಳಿದರೆ ಸಂಚೆಂದು ತಿಳಿಯಬೇಡಿ, ಒಮ್ಮೆ ನಿಂತು ಕೇಳಿ. ದಿನಕ್ಕೊಂದು ಹೊತ್ತಾದರೂ ಟಿವಿಯಿಲ್ಲದೆ, ಫೋನಿಲ್ಲದೆ, ಮಾತಿಲ್ಲದೆ ಕುಳಿತುಕೊಳ್ಳಿ. ಎದೆ ಧಸಕ್ಕೆಂದರೆ ಹೆದರಬೇಡಿ, ಅದು ಒಳ್ಳೆಯ ಸೂಚನೆ. ನಿಮ್ಮಿಂದ ಯಾರಿಗಾದರೂ ನಾಲ್ಕು ಜನರ ಮುಂದೆ ಅವಮಾನವಾಗಿದ್ದರೆ ಕ್ಷಮೆಯನ್ನು ಹಿತ್ತಲಲ್ಲಿ ಕೇಳಬೇಡಿ, ಆ ನಾಲ್ಕು ಜನರನ್ನು ಕರೆದೇ ಕೇಳಿ.

ಇವತ್ತು ಮನೆಗೆ ಹೋಗಿ ಊಟಕ್ಕೆ ಕುಳಿತಾಗ, ನಿಮ್ಮ ಜೊತೆ ಬಾಳುವವರನ್ನು ಒಂದು ಮಾತು ಕೇಳಿ: 'ನಾನು ನೋಡಲೊಲ್ಲದ್ದು ನನ್ನಲ್ಲಿ ಏನಿದೆ?' ಅವರು ಮೊದಲು ಸುಮ್ಮನಿರುತ್ತಾರೆ. ಅವರಿಗೆ ನಿಮ್ಮ ಭಯವಿದೆ. ಕಾಯಿರಿ. ಕೊನೆಗೆ ಅವರು ಬಾಯಿ ತೆರೆದಾಗ, ಏನೇ ಹೇಳಲಿ, ಎದ್ದು ಕೈ ತೊಳೆಯಲು ಹೋಗಬೇಡಿ. ಕುಳಿತು ಕೇಳಿ.