ಮೈಲೋ ಕೂರದೇ ಹೋದ ಬೆಂಚು

ಮೈಲೋಗೆ ಕೊನೆಯ ವಿದಾಯ ಹೇಳಲು ಬಂದು ಸೇರಿದ ಎಲ್ಲರಿಗೂ ನಮಸ್ಕಾರ. ಮೈಲೋನ ಮಡದಿ ಡೋರಿಸ್ ಅವರೇ, ಮಕ್ಕಳೇ, ಅವನ ಅಕ್ಕ ಅಗಾತಾ ಅವರೇ — ನಿಮ್ಮ ದುಃಖದ ಮುಂದೆ ನನ್ನದು ದೊಡ್ಡದಲ್ಲ. ಆದರೂ ಎರಡು ಮಾತು ಆಡುತ್ತೇನೆ. ನಾನು ವರ್ನನ್ ಪೈಪರ್. ಈ ಊರಿನ ಬೇಸ್‌ಬಾಲ್ ತಂಡದಲ್ಲಿ ಮೈಲೋ ಹುದಾಕ್ ಜೊತೆ ಸಂಬಳಕ್ಕೆ ಆಡಿದವನು. ಆಮೇಲೆ ಅವನು ಕೋಚ್ ಆದ, ನಾನು ಹೊಟ್ಟೆ ಬೆಳೆಸಿಕೊಂಡೆ.

ಅವನ ಕೈಕೆಳಗೆ ಆಡಿದ ಅನೇಕರು ಇಲ್ಲಿದ್ದೀರಿ. ಹೇಳಿ — ಆಟ ನಡೆಯುವಾಗ ಮೈಲೋ ಬೆಂಚಿನ ಮೇಲೆ ಕೂತದ್ದನ್ನು ಒಬ್ಬರಾದರೂ ನೋಡಿದ್ದೀರಾ? ಇಲ್ಲ. ಬೆಂಚಿನ ತುದಿಯಲ್ಲಿ, ಕಂಬಕ್ಕೆ ಹೆಗಲು ಕೊಟ್ಟು — ಹೀಗೆ — ನಿಂತೇ ಇರುತ್ತಿದ್ದ. "ಕೂತ್ಕೊಳ್ಳಿ ಕೋಚ್" ಅಂದರೆ, "ವರ್ಷಗಟ್ಲೆ ಕುಕ್ಕರಗಾಲಲ್ಲಿ ಚೆಂಡು ಹಿಡಿದ ಕ್ಯಾಚರ್ ಮಂಡಿ ಕಣಯ್ಯ, ಒಂದ್ಸಲ ಕೂತ್ರೆ ಎಬ್ಸಕ್ಕೆ ಕ್ರೇನ್ ಬೇಕು" ಅನ್ನುತ್ತಿದ್ದ. ನೀವೂ ನಂಬಿದಿರಿ. ಮಂಡಿಗೆ ಏನೂ ಆಗಿರಲಿಲ್ಲ, ಸ್ವಾಮಿ.

ಸಾವಿರದ ಒಂಬೈನೂರ ಐವತ್ತೆರಡರ ಆಗಸ್ಟ್, ಪೆನ್ಸಿಲ್ವೇನಿಯಾದ ನಮ್ಮ ಇದೇ ಉಕ್ಕಿನ ಊರು. ಕೊನೆಯ ಇನ್ನಿಂಗ್ಸ್. ಅವರು ಹದಿಮೂರು, ನಾವು ಒಂಬತ್ತು. ಅರ್ಧ ಜನ ಆಗಲೇ ಮನೆ ದಾರಿ ಹಿಡಿದಿದ್ದರು. ಮೈಲೋ ಅವತ್ತು ಆಡುತ್ತಿರಲಿಲ್ಲ; ಎರಡನೇ ಕ್ಯಾಚರ್, ಬೆಂಚು ಕಾಯುವುದೇ ಅವನ ನೌಕರಿ ಎಂದು ರೇಗಿಸುತ್ತಿದ್ದೆವು. ಅಷ್ಟರಲ್ಲಿ ಒಂದು ರನ್ ಬಂತು. ಇನ್ನೊಂದು ಬಂತು.

ರನ್ ಬರಲು ಶುರುವಾದರೆ ಬೆಂಚಿನಲ್ಲಿ ಯಾರೂ ಕದಲಬಾರದು — ಇದು ನಮ್ಮಲ್ಲಿ ಶಾಸ್ತ್ರ. ಕಾಲ ಮೇಲೆ ಕಾಲು ಹಾಕಿದ್ದರೆ ಹಾಗೇ ಇರಬೇಕು, ಮೂಗು ತುರಿಸಿದರೂ ಕೆರೆಯಬಾರದು. ಆಗಲೇ ಡ್ರೆಸ್ಸಿಂಗ್ ರೂಮಿನ ಮುದುಕ ಬಂದು ಮೈಲೋನ ಕಿವಿಯಲ್ಲಿ ಏನೋ ಹೇಳಿದ. ಮೈಲೋ ಎದ್ದ. ಬೆಂಚಿಗೆ ಬೆಂಚೇ ಕಿರುಚಿತು.

"ಏಯ್ ಕೂತ್ಕೊಳೋ! ನಿನ್ ದಮ್ಮಯ್ಯ, ಎದ್ದು ಹಾಳು ಮಾಡ್ಬೇಡ!"

"ಇನ್ನೆರಡು ಬಂದ್ರೆ ಸಮ ಕಣೋ, ಅದೇನ್ ಅವಸರ ನಿಂಗೆ?"

ಮೈಲೋ ಬಾಗಿಲ ಕಡೆ ನೋಡಿದ. ನಮ್ಮ ಮುಖ ನೋಡಿದ. — ಕೂತ. ಏನು ವಿಷಯ ಎಂದು ನಾವ್ಯಾರೂ ಕೇಳಲಿಲ್ಲ.

ಹನ್ನೆರಡು. ಹದಿಮೂರು — ಸಮ. ಆಮೇಲೆ ಹದಿನಾಲ್ಕು! ಗೆದ್ದುಬಿಟ್ಟೆವು. ಹುಚ್ಚು ಹಿಡಿದವರ ಹಾಗೆ, ಚೆಂಡನ್ನೇ ಮುಟ್ಟದ ಮೈಲೋನನ್ನು ಹೆಗಲ ಮೇಲೆ ಹೊತ್ತೆವು. "ಕೂತೇ ಗೆಲ್ಸಿದ ಮಹಾರಾಯ!" ಎಂದು ಮೈದಾನವೆಲ್ಲ ಸುತ್ತಿಸಿದೆವು. ಅವನು ನನ್ನ ಕೂದಲು ಹಿಡಿದೆಳೆದ.

"ಇಳಿಸ್ರೋ... ಇಳಿಸ್ರೋ, ನಮ್ಮಪ್ಪ ಸಾಯ್ತಾ ಇದಾರೆ."

ಸೇತುವೆ ದಾಟಿದರೆ ಮನೆ. ಆಟದ ಬಟ್ಟೆಯಲ್ಲೇ ಓಡಿದ. ಅಪ್ಪ ಆಟ ಕೇಳುತ್ತಿದ್ದ ರೇಡಿಯೊ ಇನ್ನೂ ಮಾತಾಡುತ್ತಲೇ ಇತ್ತಂತೆ. ಅಪ್ಪ ಇರಲಿಲ್ಲ.

ಅಗಾತಾ ಅವತ್ತು ತಮ್ಮನಿಗೆ ಹೇಳಿದ ಮಾತನ್ನು ಅವರನ್ನು ಕೇಳಿಕೊಂಡೇ ಹೇಳುತ್ತಿದ್ದೇನೆ: "ಮೈದಾನಕ್ಕೆ ಫೋನ್ ಮಾಡಿದ್ದಕ್ಕೆ ಅಪ್ಪ ನಂಗೆ ಬೈದ್ರು ಕಣೋ. 'ರನ್ ಬರ್ತಾ ಇವೆ, ಅವನನ್ಯಾಕೆ ಎಬ್ಬಿಸ್ದೆ?' ಅಂದ್ರು. ಸಮ ಆಯ್ತು ಅಂದಾಗ ನಕ್ರು. ಆಮೇಲೆ ಮಾತಿಲ್ಲ."

ಇದರಿಂದ ಮೈಲೋಗೆ ಸಮಾಧಾನ ಆಯಿತೇ? ಹೇಗೆ ಹೇಳಲಿ. ಒಮ್ಮೆ ನನ್ನ ಹತ್ತಿರ ಅಂದಿದ್ದ: "ಎದ್ದಿದ್ದೆ ಕಣೋ ವರ್ನ್. ಎದ್ದೇ ಬಿಟ್ಟಿದ್ದೆ. ಮತ್ಯಾಕೆ ಕೂತೆ?" ಅಪ್ಪ ಹೋದ ದಿನದಿಂದ ಆಟ ನಡೆಯುವಾಗ ಅವನು ಬೆಂಚಿನ ಮೇಲೆ ಕೂರಲೇ ಇಲ್ಲ.

ಆಚೆ ಕೋಣೆಯಲ್ಲಿ ಊಟ ಇದೆ. ಕೋಸು ಹಾಕಿದ ನೂಡಲ್ಸು, ನಮ್ಮ ಹಲುಸ್ಕಿ, ಅವನಿಗೆ ಪ್ರಾಣ, ತಿಂದೇ ಹೋಗಿ. ಅದಕ್ಕೆ ಮೊದಲು ಒಂದು ಕೆಲಸವಿದೆ. ಅವತ್ತಿನ ಬೆಂಚಿನವರಲ್ಲಿ ಈಗ ಉಳಿದವನು ನಾನೊಬ್ಬನೇ. ಅವರೆಲ್ಲರ ಪರವಾಗಿ ಹೇಳುತ್ತೇನೆ — ಮೈಲೋ, ಅಪ್ಪ ಕಾಯ್ತಾ ಇದಾರೆ ಕಣೋ. ಹೊರಡು. ಈ ಸಲ ಯಾರೂ ನಿನ್ನ ಕೂರ್ಸಲ್ಲ.

ಎಲ್ಲರೂ ಎದ್ದು ನಿಲ್ಲೋಣ. ಮಾತಿಲ್ಲದೆ, ಕದಲದೆ — ಅವನು ಸೇತುವೆ ದಾಟುವವರೆಗೆ.